ಗಿಣಿ ಹೊದ್ದ ರೇಡಿಯೊ

ಈಗ ಈ ಕಸಬಿಗೆ ಬರುತ್ತಿರುವ ಹುಡುಗರು ನನ್ನನ್ನು ಕಂಡಾಗ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ. ರೇಡಿಯೊ ಆಗಲಿ, ಆಂಪ್ಲಿಫೈಯರ್ ಆಗಲಿ, ಅದರ ಧ್ವನಿ ಚೆನ್ನಾಗಿದೆ ಎಂದು ಹೇಳಬೇಕಾದದ್ದು ಮೀಟರೋ ಕಿವಿಯೋ? ದುಡಿದ ವರ್ಷಗಳನ್ನೆಲ್ಲ ಮೀಟರ್ ರೂಮಿನಲ್ಲೇ ಕಳೆದವನಾದ್ದರಿಂದ ನಾನು ಮೀಟರಿನ ಪರವಾಗಿ ವಾದ ಮಾಡುತ್ತೇನೆಂದು ಅವರ ನಂಬಿಕೆ. ನಾನು ಉತ್ತರ ಹೇಳುವ ಬದಲು, “ನಿಮ್ಮ ಮನೇಲಿ ರೇಡಿಯೊ ಮೇಲೆ ಏನು ಹೊದಿಸಿದ್ದೀರಿ?” ಎಂದು ಕೇಳುತ್ತೇನೆ. ಮುದುಕನಿಗೆ ಅರಳುಮರಳು ಶುರುವಾಯಿತು ಎಂಬಂತೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಅರಳುಮರಳಲ್ಲ. ಆ ಪ್ರಶ್ನೆಯಿಂದಲೇ ನನ್ನ ಕೆಲಸ ಉಳಿಯಿತು. ಅದು ಹೇಗೆಂದು ಬರೆದಿಡೋಣವೆಂದು ಕುಳಿತಿದ್ದೇನೆ. ಬಡ್ತಿಗಳ ವಿಷಯ ಬರೆಯುವುದಿಲ್ಲ. ಬಂದದ್ದೇ ಕಡಿಮೆ, ಬಂದಾಗ ಯಾರೂ ನಕ್ಕ ನೆನಪೂ ಇಲ್ಲ.

ಐವತ್ತರ ದಶಕದ ಕೊನೆಯಲ್ಲಿ ಡಿಪ್ಲೊಮಾ ಮುಗಿಸಿ ಜಯನಗರದ ಒಂದು ಸಣ್ಣ ರೇಡಿಯೊ ಕಾರ್ಖಾನೆಗೆ ಸೇರಿದೆ. ಕಾರ್ಖಾನೆ ಎಂದರೆ ಚಿಮಣಿ, ಸೈರನ್ನು ಏನೂ ಇರಲಿಲ್ಲ. ಯಜಮಾನರು ವಾಸಕ್ಕೆಂದು ಕಟ್ಟಿಸಿದ ತಾರಸಿ ಮನೆ ಅದು. ಹಿಂದಿನ ಭಾಗದಲ್ಲಿ ಅವರ ಸಂಸಾರ, ಮುಂದಿನ ಭಾಗದಲ್ಲಿ ರೇಡಿಯೊ. ಹಾಲಿನಲ್ಲಿ ಸೆಟ್ಟುಗಳ ಜೋಡಣೆ, ಊಟದ ಮನೆ ಆಗಬೇಕಿದ್ದ ಜಾಗದಲ್ಲಿ ಬೆಸುಗೆ, ದೇವರ ಮನೆಗೆಂದು ಬಿಟ್ಟಿದ್ದ ಪುಟ್ಟ ಕೋಣೆಯಲ್ಲಿ ಮೀಟರ್ ರೂಮು. ದೇವರು ಹಿಂದಿನ ಭಾಗಕ್ಕೆ ಹೋಗಿದ್ದರೂ ಆ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿರಲಿಲ್ಲ. ಬಡಾವಣೆಯಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಯಡಿಯೂರು ಕೆರೆ ಕಡೆಯಿಂದ ಗಾಳಿ ಬೀಸಿದರೆ ನಮ್ಮ ಗ್ರಾಫ್ ಹಾಳೆಗಳೆಲ್ಲ ಬೆಸುಗೆಯವರ ಕಾಲ ಬಳಿ ಹೋಗಿ ಬೀಳುತ್ತಿದ್ದವು.

ಯಜಮಾನರ ಹೆಸರು ನಂಜುಂಡಪ್ಪ. ಮೂಲತಃ ಚಿಕ್ಕಪೇಟೆಯಲ್ಲಿ ಬಟ್ಟೆ ವ್ಯಾಪಾರ. ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ರೇಡಿಯೊಗೆ ಕೈಹಾಕಿದ್ದರು. ಹಣೆ ತುಂಬ ವಿಭೂತಿ, ಮೈಮೇಲೆ ಮಡಿಕೆ ಮುರಿಯದ ಬಿಳಿ ಜುಬ್ಬ. ಯಾವುದೇ ಬಟ್ಟೆಯ ಅಂಚನ್ನು ಎರಡು ಬೆರಳಿನ ನಡುವೆ ಉಜ್ಜಿ, ಕಣ್ಣು ಮುಚ್ಚಿಕೊಂಡೇ ಅದು ಯಾವ ಬಗೆಯದು, ಎಷ್ಟು ಒಗೆತ ತಾಳುತ್ತದೆ ಎಂದು ಹೇಳಿಬಿಡುತ್ತಿದ್ದರು. ಬೆರಳಿಗಿರುವ ವಿದ್ಯೆ ತಮ್ಮ ಕಿವಿಗೂ ಇದೆ ಎಂದು ಅವರು ನಂಬಿದ್ದರು. ಬೆಳಿಗ್ಗೆ ಪೂಜೆ ಮುಗಿಸಿ ಬಂದು ಹಾಲಿನ ಬೆತ್ತದ ಕುರ್ಚಿಯಲ್ಲಿ ಕುಳಿತರೆಂದರೆ, ಹಿಂದಿನ ದಿನ ತಯಾರಾದ ಸೆಟ್ಟುಗಳನ್ನು ಒಂದೊಂದಾಗಿ ಅವರ ಮುಂದಿಟ್ಟು ಹಾಡಿಸಬೇಕು. ಕಣ್ಣು ಮುಚ್ಚಿ ಕೇಳಿ, “ಇದಕ್ಕೆ ನೆಗಡಿ ಆಗಿದೆ, ತಗೊಂಡು ಹೋಗಿ” ಎನ್ನುತ್ತಿದ್ದರು.

ಅವರ ಮಾತನ್ನು ಮೀಟರಿನ ಭಾಷೆಗೆ ತಿರುಗಿಸುವುದು ನನ್ನ ಮೊದಲ ಕೆಲಸವಾಯಿತು. ನೆಗಡಿ ಎಂದರೆ ಮೇಲಿನ ಸ್ವರಗಳು ಸತ್ತು, ನಡುವಿನ ಸ್ವರಗಳು ಊದಿಕೊಂಡಿವೆ. ಹೊಟ್ಟೆ ಇಲ್ಲ ಎಂದರೆ ಮೃದಂಗದ ಎಡಗೈ ಪೆಟ್ಟು ಕೇಳಿಸುತ್ತಿಲ್ಲ. ಹಲ್ಲು ಜಾಸ್ತಿ ಎಂದರೆ ಮೇಲಿನ ಸ್ವರಗಳು ಹೆಚ್ಚಾಗಿ ವಾರ್ತೆ ಓದುವವರು ಸೀಟಿ ಹೊಡೆದಂತೆ ಕೇಳಿಸುತ್ತದೆ. ಬಾಯಿಗೆ ಹಿಟ್ಟು ಮೆತ್ತಿದೆ ಎಂಬುದನ್ನು ಅರ್ಥ ಮಾಡಿಕೊಳ್ಳಲು ಬಹಳ ಒದ್ದಾಡಿದೆ. ಕೊನೆಗೆ ಬಿಚ್ಚಿ ನೋಡಿದರೆ ಸ್ಪೀಕರಿನ ಕಾಗದ ಮಳೆಗಾಲದ ತೇವಕ್ಕೆ ಮೆತ್ತಗಾಗಿತ್ತು. ಒಂದು ಸಲ ಒಂದು ಸೆಟ್ಟನ್ನು ಕೇಳಿ, “ಪಾಪ, ಇದಕ್ಕೆ ಅತ್ತೆ ಕಾಟ” ಎಂದರು. ಅದರ ಅರ್ಥ ನನಗೆ ಇವತ್ತಿಗೂ ತಿಳಿದಿಲ್ಲ. ಕಣ್ಣಿಗೆ ಬಿದ್ದ ಹಳೆಯ ಕಂಡೆನ್ಸರ್ ಒಂದನ್ನು ಬದಲಾಯಿಸಿ ಮರುದಿನ ಇಟ್ಟೆ. ಈಗ ತವರಿಗೆ ಬಂದ ಹಾಗಿದೆ ಎಂದು ಪಾಸು ಮಾಡಿದರು.

ಇದಕ್ಕೆ ತದ್ವಿರುದ್ಧ ನಮ್ಮ ಮುಖ್ಯ ಎಂಜಿನಿಯರ್ ಶ್ರೀಕಂಠಯ್ಯನವರು. ಮೀಟರ್ ರೂಮು ಅವರದು, ನಾನು ಅವರ ಸಹಾಯಕ. ಅಳೆಯಲಾಗದ ವಸ್ತುವಿನ ಮೇಲೆ ಅವರಿಗೆ ಒಳಗೊಳಗೇ ಗುಮಾನಿ. ಕಾಫಿ ಬಂದರೆ ಲೋಟಕ್ಕೆ ಥರ್ಮಾಮೀಟರ್ ಅದ್ದಿ, ಪಾದರಸ ತಮಗೆ ಒಪ್ಪಿಗೆಯಾದ ಗೆರೆಗೆ ಇಳಿದ ಮೇಲೆಯೇ ಕುಡಿಯುತ್ತಿದ್ದರು. ಯಾರಾದರೂ ಬಂದು ಈ ಸೆಟ್ಟು ತುಂಬಾ ಚೆನ್ನಾಗಿದೆ ಎಂದರೆ, ತಲೆ ಎತ್ತದೆ, “ಎಷ್ಟು?” ಎಂದು ಕೇಳುತ್ತಿದ್ದರು. ಆ ಒಂದು ಮಾತಿಗೆ ಹೆದರಿ ಮಾರಾಟದ ವಿಭಾಗದವರು ನಮ್ಮ ಕೋಣೆಯ ಕಡೆ ತಲೆ ಹಾಕುತ್ತಿರಲಿಲ್ಲ.

ಸ್ಪೀಕರನ್ನು ಕೋಣೆಯೊಳಗೆ ಅಳೆದರೆ ಗೋಡೆಗೆ ಬಡಿದು ಬಂದ ಸದ್ದೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಈಗಿನವರಿಗೆ ಇದಕ್ಕೆಂದೇ ಸದ್ದು ಹೀರುವ ಕೋಣೆಗಳಿವೆ. ನಮಗೆ ಇದ್ದದ್ದು ತಾರಸಿ. ಸೆಟ್ಟು, ಮೈಕು, ಮೀಟರು ಎಲ್ಲವನ್ನೂ ಮೇಲಕ್ಕೆ ಹೊತ್ತು, ಆಸಿಲೇಟರ್ ಎಂಬ ಯಂತ್ರದಿಂದ ಕೆಳಗಿನ ಗುಂಯ್ ಸದ್ದಿನಿಂದ ಹಿಡಿದು ಮೇಲಿನ ಕೀಚು ಸದ್ದಿನವರೆಗೆ ಒಂದೊಂದೇ ಸ್ವರ ಹೊರಡಿಸಿ, ಮೀಟರಿನ ಸೂಜಿ ಎಲ್ಲಿ ನಿಲ್ಲುತ್ತದೆ ಎಂದು ಬರೆದುಕೊಳ್ಳಬೇಕು. ಕಾಗೆ ಕೂಗಿದರೆ ಸೂಜಿ ಕುಣಿಯುತ್ತಿತ್ತು, ಸೊಪ್ಪು ಮಾರುವವಳು ಕೂಗಿದರೆ ಇನ್ನೂ ಹೆಚ್ಚು. ಅದೇ ತಾರಸಿಯಲ್ಲಿ ಯಜಮಾನರ ಹೆಂಡತಿ ಗಿರಿಜಮ್ಮನವರು ಸಂಡಿಗೆ ಒಣಗಿಸುತ್ತಿದ್ದರು. ಮೊದಮೊದಲು ನಮ್ಮನ್ನು ಕಂಡರೆ ಅವರಿಗೆ ಕಿರಿಕಿರಿ. ಆಮೇಲೆ ಒಂದು ದಿನ ನಾನು ಮೇಲಿನ ಸ್ವರಗಳಿಗೆ ಬಂದಾಗ ಸಂಡಿಗೆಯ ಸುತ್ತ ಕುಳಿತಿದ್ದ ಕಾಗೆಗಳೆಲ್ಲ ಒಟ್ಟಿಗೆ ಎದ್ದು ಹಾರಿಹೋದವು. ಅಂದಿನಿಂದ ಅವರು ನಮ್ಮ ಅಳತೆಯ ಅಭಿಮಾನಿಯಾದರು.

“ಮೂರ್ತಿ, ಆ ಕೀಚು ಸದ್ದು ಇದೆಯಲ್ಲ, ಅದನ್ನ ಹಪ್ಪಳ ಒಣಗೋ ತನಕ ಹಾಕಿಡಪ್ಪ,” ಎನ್ನುತ್ತಿದ್ದರು. ಶ್ರೀಕಂಠಯ್ಯನವರು ಇಲ್ಲದಾಗ ನಾನು ಹಾಗೇ ಮಾಡುತ್ತಿದ್ದೆ, ಅದಕ್ಕೆ ಪ್ರತಿಫಲವಾಗಿ ಮಧ್ಯಾಹ್ನ ಬಾಳಕದ ಮೆಣಸಿನಕಾಯಿ ಬರುತ್ತಿತ್ತು.

ಮೀಟರಿಗೂ ಕಿವಿಗೂ ಯಾವಾಗಲೂ ಜಗಳವೇ ಎಂದು ತಿಳಿಯಬೇಡಿ. ಒಂದು ಬೇಸಿಗೆಯಲ್ಲಿ ಯಜಮಾನರು ಸಂಜೆಯ ಹೊತ್ತೂ ಸೆಟ್ಟು ಕೇಳತೊಡಗಿದರು. ಬೆಳಿಗ್ಗೆ ಹಾಡುವ ಸೆಟ್ಟು ಸಂಜೆಗೆ ಸುಸ್ತಾಗುತ್ತದೆ ಎಂದು ಅವರ ದೂರು. ಯಂತ್ರಕ್ಕೆ ಸುಸ್ತು ಎಂಬುದಿಲ್ಲ ಎಂದು ಶ್ರೀಕಂಠಯ್ಯನವರು ನಕ್ಕರು. ನಕ್ಕರೂ ಅಳೆಯದೆ ಬಿಡುವವರಲ್ಲ. ಅಳೆದರೆ ಸಂಜೆ ನಿಜವಾಗಿಯೂ ಸೂಜಿ ಇಳಿಯುತ್ತಿತ್ತು. ಸೆಟ್ಟು ಬಿಚ್ಚಿದೆವು, ವಾಲ್ವು ಬದಲಾಯಿಸಿದೆವು, ತಲೆ ಕೆರೆದುಕೊಂಡೆವು. ಕೊನೆಗೆ ಗೊತ್ತಾಯಿತು, ಪಕ್ಕದ ಬೀದಿಯಲ್ಲಿ ಹೊಸದಾಗಿ ಹಿಟ್ಟಿನ ಗಿರಣಿ ಬಂದಿತ್ತು. ಸಂಜೆ ಅದು ಓಡತೊಡಗಿದರೆ ನಮ್ಮ ಲೈನಿನಲ್ಲಿ ಕರೆಂಟು ಕುಗ್ಗುತ್ತಿತ್ತು. ಇಬ್ಬರೂ ಒಂದೇ ಮಾತು ಹೇಳಿದ್ದು ನನ್ನ ಕಾಲದಲ್ಲಿ ಅದು ಮೊದಲ ಸಲ. ಆ ಖುಷಿಗೆ ಯಜಮಾನರು ಎಲ್ಲರಿಗೂ ಕೇಸರಿಬಾತು ತರಿಸಿದರು.

ಖುಷಿ ಬಹಳ ಕಾಲ ನಿಲ್ಲಲಿಲ್ಲ. ಮಾರಿದ ಸೆಟ್ಟುಗಳ ಬಗ್ಗೆ ಅಂಗಡಿಗಳಿಂದ ದೂರು ಬರತೊಡಗಿತು. ಧ್ವನಿ ಮಂದ, ಬಾವಿಯೊಳಗೆ ಕುಳಿತು ಹಾಡಿದಂತಿದೆ ಎಂದು ಗಿರಾಕಿಗಳ ಮಾತು. ವಾಪಸು ತರಿಸಿ ಕೇಳಿದರೆ ನಮ್ಮ ಹಾಲಿನಲ್ಲಿ ಸೊಗಸಾಗಿ ಹಾಡುತ್ತಿತ್ತು. ಮನೆಗೆ ಕಳಿಸಿದರೆ ಮತ್ತೆ ಅದೇ ದೂರು. ಅದೇ ಸಮಯಕ್ಕೆ ಹೊಸ ಮಾದರಿಯನ್ನು ಬೇರೆ ತರಬೇಕಾಗಿತ್ತು. ಅದಕ್ಕೆಂದು ಎರಡು ಸೆಟ್ಟು ತಯಾರಾದವು. ಒಂದು, ಯಜಮಾನರ ಕಿವಿ ಹೇಳಿದಂತೆ ಮಾಡಿದ್ದು, ಹಳೆಯ ಸೆಟ್ಟಿನ ಹಾಗೇ ಇಂಪು, ಮೆದು. ಇನ್ನೊಂದು, ಶ್ರೀಕಂಠಯ್ಯನವರು ತಾರಸಿಯಲ್ಲಿ ಅಳೆದೂ ಅಳೆದೂ ಗ್ರಾಫಿನ ಗೆರೆಯನ್ನು ನೇರ ಮಾಡಿದ್ದು. ಅದರಲ್ಲಿ ಮೇಲಿನ ಸ್ವರಗಳೂ ಪೂರ್ತಿ ಇದ್ದವು.

ಯಜಮಾನರು ಎರಡನೆಯದನ್ನು ಕೇಳಿ, ಬಾಯಿ ತುಂಬ ಹಲ್ಲು ಎಂದರು. ಶ್ರೀಕಂಠಯ್ಯನವರು ಗ್ರಾಫನ್ನು ಮುಂದೆ ಹಿಡಿದರು. ಯಜಮಾನರು ಅದನ್ನು ತಲೆಕೆಳಗಾಗಿ ಹಿಡಿದು ನೋಡಿ, ಈ ಗೆರೆಯನ್ನು ಯಾರಾದರೂ ಕೇಳುತ್ತಾರೇನು ಎಂದರು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಯಜಮಾನರು ಮೀಟರ್ ರೂಮನ್ನೇ ಮುಚ್ಚುವ ಮಾತು ತೆಗೆದರು. ಕಿವಿಯಿಂದ ಆಗುವ ಕೆಲಸಕ್ಕೆ ಒಂದು ಕೋಣೆ ಯಾಕೆ, ಅಲ್ಲಿ ರೇಡಿಯೊ ಪೆಟ್ಟಿಗೆಗಳನ್ನಾದರೂ ಜೋಡಿಸಿಡಬಹುದು ಎಂದರು.

ಶ್ರೀಕಂಠಯ್ಯನವರಿಗೆ ಎಲ್ಲಿ ಹೋದರೂ ಕೆಲಸ ಇತ್ತು. ನಾನು ಟೆಂಪೊರರಿ. ಕೋಣೆ ಮುಚ್ಚಿದರೆ ನನ್ನ ಕೆಲಸವೂ ಅದರ ಜೊತೆಗೇ ಮುಚ್ಚುತ್ತಿತ್ತು. ಸಾಲದ್ದಕ್ಕೆ ಆಗ ಮನೆಯಲ್ಲಿ ನನಗೆ ಹೆಣ್ಣು ನೋಡುತ್ತಿದ್ದರು. ಯಡಿಯೂರಿನ ನಾರಾಯಣರಾಯರು ಎಂಬ ಹೈಸ್ಕೂಲು ಮೇಷ್ಟರ ಮಗಳ ಜಾತಕ ಕೂಡಿಬಂದಿತ್ತು. ಹುಡುಗನ ಕೆಲಸ ಪರ್ಮನೆಂಟೋ ಎಂದು ಅವರು ಎರಡು ಸಲ ಹೇಳಿಕಳಿಸಿದ್ದರು. ಆಗುತ್ತದೆ ಎಂದು ನನ್ನ ತಾಯಿ ಎರಡು ಸಲ ಹೇಳಿಕಳಿಸಿದ್ದರು.

ಶ್ರೀಕಂಠಯ್ಯನವರು ಒಂದು ಪರೀಕ್ಷೆ ಸೂಚಿಸಿದರು. ಸೆಟ್ಟು ಕಣ್ಣಿಗೆ ಕಂಡರೆ ಕಿವಿ ಪಕ್ಷಪಾತ ಮಾಡುತ್ತದೆ, ಆದ್ದರಿಂದ ಎರಡನ್ನೂ ಪರದೆಯ ಹಿಂದೆ ಇಟ್ಟು ಹಾಡಿಸೋಣ, ಯಾವುದು ಯಾವುದೆಂದು ಹೇಳದೆ ಕೇಳಿಸೋಣ ಎಂದರು. ಯಜಮಾನರು ಸವಾಲು ಒಪ್ಪಿಕೊಂಡರು. ಕೇಳುವವರು ಮೂವರು: ಯಜಮಾನರು, ಗಿರಿಜಮ್ಮನವರು, ಅವರ ಮಗಳಿಗೆ ಪಾಠ ಹೇಳಲು ಬರುತ್ತಿದ್ದ ಪಿಟೀಲು ಮೇಷ್ಟರು. ಪರದೆ ಹೊಂದಿಸುವ ಕೆಲಸ ನನಗೆ ಬಂತು. ಹಾಲಿಗೆ ಅಡ್ಡಲಾಗಿ ಹಗ್ಗ ಕಟ್ಟಿ, ಮದುವೆ ಮನೆಗಳಲ್ಲಿ ಹಾಸುವಂಥ ದಪ್ಪನೆಯ ಜಮಖಾನವೊಂದನ್ನು ಗಿರಿಜಮ್ಮನವರಿಂದ ಕೇಳಿ ತಂದು ನೇತುಹಾಕಿದೆ. ಏನೂ ಕಾಣದಂತೆ ಚೆನ್ನಾಗಿ ಹಾಕಿದ್ದೀಯ ಎಂದು ಶ್ರೀಕಂಠಯ್ಯನವರು ಬೆನ್ನು ತಟ್ಟಿದರು.

ಜಮಖಾನದ ಹಿಂದೆ ಕುಳಿತು ನಾನು ಒಂದಾದ ಮೇಲೆ ಒಂದು ಸೆಟ್ಟು ಹಾಕಿದೆ. ಮೂವರೂ ಒಂದನ್ನೇ ಆರಿಸಿದರು. ಅದು ಶ್ರೀಕಂಠಯ್ಯನವರ ಸೆಟ್ಟು. ತಮ್ಮದೇ ಮೆಚ್ಚಿನ ಸೆಟ್ಟಿನ ಬಗ್ಗೆ ಯಜಮಾನರು, ಇದಕ್ಕೆ ನೆಗಡಿ ಎಂದುಬಿಟ್ಟಿದ್ದರು. ಶ್ರೀಕಂಠಯ್ಯನವರು ಅಂದು ಕಾಫಿಗೆ ಥರ್ಮಾಮೀಟರ್ ಅದ್ದುವುದನ್ನೂ ಮರೆತು ನಾಲಿಗೆ ಸುಟ್ಟುಕೊಂಡರು. ನಾನು ಮನೆಗೆ ಹೋಗಿ, ಕೆಲಸಕ್ಕೆ ಏನೂ ಭಯವಿಲ್ಲ ಎಂದು ತಾಯಿಗೆ ಹೇಳಿದೆ. ಭಾನುವಾರ ಹೆಣ್ಣು ನೋಡಲು ಬರುತ್ತೇವೆಂದು ಅವರು ಕೂಡಲೇ ಯಡಿಯೂರಿಗೆ ಹೇಳಿಕಳಿಸಿದರು.

ಮರುದಿನ ಬೆಳಿಗ್ಗೆ ಯಜಮಾನರು ಗೆದ್ದ ಸೆಟ್ಟನ್ನು ಬೆತ್ತದ ಕುರ್ಚಿಯ ಮುಂದೆ ಇಡಿಸಿಕೊಂಡು ಕೇಳಿದರು. ಮತ್ತೆ ಹಲ್ಲು! ನಿನ್ನೆ ಕೇಳಿದ್ದು ಇದಲ್ಲ, ನೀವು ಸೆಟ್ಟು ಬದಲಾಯಿಸಿದ್ದೀರಿ ಎಂದು ರೇಗಿದರು. ಶ್ರೀಕಂಠಯ್ಯನವರಿಗೆ ಅಷ್ಟು ದೊಡ್ಡ ಅವಮಾನ ಬೇರೆ ಇಲ್ಲ. ಸೆಟ್ಟು ಅದೇ ಎಂದು ತೋರಿಸಲು ಕೂಡಲೇ ಮೈಕು ತರಿಸಿ ಅಲ್ಲೇ ಅಳೆಯತೊಡಗಿದರು. ಎರಡೂ ಸೆಟ್ಟನ್ನು ಜಮಖಾನ ಇಲ್ಲದೆ ಹಾಡಿಸಿ ಅಳೆದರು, ನನ್ನನ್ನು ಮೈಕಿನ ಬಳಿ ನಿಲ್ಲಿಸಿಕೊಂಡು ಜಮಖಾನ ಅಡ್ಡ ಹಿಡಿಸಿ ಅಳೆದರು. ಅಳೆಯುತ್ತಾ ಅಳೆಯುತ್ತಾ ಅವರ ಮುಖ ಅರಳಿತು.

“ಯಜಮಾನ್ರೇ, ತಪ್ಪು ಸಿಕ್ತು. ಜಮಖಾನ ಮೇಲಿನ ಸ್ವರಗಳನ್ನ ತಿಂದು ಹಾಕಿದೆ. ನೋಡಿ, ಎಷ್ಟು ತಿಂದಿದೆ ಅಂತ ಇಲ್ಲೇ ಇದೆ,” ಎಂದು ಗ್ರಾಫನ್ನು ಮುಂದೆ ಹಿಡಿದರು. ತಮ್ಮ ಗೆಲುವನ್ನು ತಾವೇ ಕೊಂದುಕೊಳ್ಳುತ್ತಿದ್ದೇವೆ ಎಂಬ ಪರಿವೆಯೇ ಅವರಿಗಿರಲಿಲ್ಲ. ನಾನು ಹಿಂದಿನಿಂದ ಅವರ ಕೋಟಿನ ತುದಿ ಎಳೆದೆ. ಅವರು ಕೈಯನ್ನು ಜಾಡಿಸಿ, ಲೆಕ್ಕದ ಉಳಿದ ಭಾಗವನ್ನೂ ವಿವರಿಸಿದರು.

ಜಮಖಾನ ತೆಗೆದು ಮೂವರಿಗೂ ಮತ್ತೆ ಕೇಳಿಸಿದಾಗ ತೀರ್ಪು ಉಲ್ಟಾ ಆಯಿತು. ಯಜಮಾನರ ಸೆಟ್ಟು ಗೆದ್ದಿತು. ಯಾವ ಮನೆಯಲ್ಲಾದರೂ ಜಮಖಾನ ಕಟ್ಟಿಕೊಂಡು ರೇಡಿಯೊ ಕೇಳುತ್ತಾರೇನು ಎಂದು ಕೇಳಿ ಯಜಮಾನರು ಎದ್ದರು. ಮುಂದಿನ ತಿಂಗಳಿಂದ ಮೀಟರ್ ರೂಮು ಇಲ್ಲ ಎಂದರು. ಒಳಗಿನಿಂದ ಗಿರಿಜಮ್ಮನವರು, ಹಾಗಾದರೆ ಕಾಗೆ ಯಾರು ಓಡಿಸುತ್ತಾರೆ ಎಂದು ಕೇಳಿದ್ದು ಕೇಳಿಸಿತು.

ಭಾನುವಾರ ಬಂದೇ ಬಂತು. ಇಲ್ಲದ ಕೆಲಸದ ಬಲದ ಮೇಲೆ ಹೆಣ್ಣು ನೋಡಲು ಹೊರಟ ನನ್ನ ಮುಖದಲ್ಲಿ ಕಳೆಯೇ ಇರಲಿಲ್ಲ. ತಾಯಿಗೆ ವಿಷಯ ಹೇಳುವ ಧೈರ್ಯವೂ ಬರಲಿಲ್ಲ. ನಾರಾಯಣರಾಯರ ಮನೆ ಕೆರೆಗೆ ಹತ್ತಿರ, ಹೆಂಚಿನ ಮನೆ. ನಾನು, ತಾಯಿ, ಚಿಕ್ಕಪ್ಪ ಚಾಪೆಯ ಮೇಲೆ ಕುಳಿತೆವು. ಎದುರಿಗೆ ಗೋಡೆಯ ಮರದ ಹಲಗೆಯ ಮೇಲೆ ನಮ್ಮದೇ ಕಾರ್ಖಾನೆಯ ಹಳೆಯ ಮಾದರಿಯ ಸೆಟ್ಟು. ಮೇಲಿನಿಂದ ಮುಂದಿನವರೆಗೆ ಇಳಿಬಿದ್ದ ಬಿಳಿ ಹೊದಿಕೆ, ಅದರಲ್ಲಿ ಬಣ್ಣದ ದಾರದಿಂದ ಕಸೂತಿ ಹಾಕಿದ ಎರಡು ಗಿಣಿ. ಹೊದಿಕೆಯ ಮೇಲೊಂದು ಹಿತ್ತಾಳೆಯ ಕೃಷ್ಣ. ಮಗಳೇ ಹಾಕಿದ ಕಸೂತಿ ಎಂದು ಅವಳ ತಾಯಿ ಹೆಮ್ಮೆಯಿಂದ ತೋರಿಸಿದರು.

ಉಪ್ಪಿಟ್ಟು ಬಂತು, ಅದರ ಹಿಂದೆ ಸರೋಜ ಬಂದಳು. ಹುಡುಗ ರೇಡಿಯೊ ಕಾರ್ಖಾನೆಯವನು ಎಂಬ ಗೌರವಕ್ಕೆ ನಾರಾಯಣರಾಯರು ಸೆಟ್ಟನ್ನು ಹಾಕಿದರು. ಹಾಕಿ, ಸಂಕೋಚದಿಂದಲೇ, ಯಾಕೋ ಸ್ವಲ್ಪ ಮಂದ, ಅಂಗಡಿಯಲ್ಲಿ ಕೇಳಿದಾಗ ಚೆನ್ನಾಗಿತ್ತು ಎಂದರು. ನಾನು ಕಿವಿಗೊಟ್ಟೆ. ಮೇಲಿನ ಸ್ವರಗಳೇ ಇಲ್ಲ. ಈ ಮಂದ ಧ್ವನಿಯನ್ನು ನಾನು ಎಲ್ಲೋ ಕೇಳಿದ್ದೇನೆ ಅನಿಸಿತು. ಎಲ್ಲೋ ಏನು, ಆ ವಾರವೇ ಜಮಖಾನದ ಹಿಂದಿನಿಂದ ಯಜಮಾನರ ಸೆಟ್ಟು ಹೀಗೇ ಹಾಡಿತ್ತು.

ಹೆಣ್ಣು ಎದುರಿಗೆ ಕುಳಿತಿರುವುದನ್ನೂ ಮರೆತು ಎದ್ದೆ. ಕೃಷ್ಣನನ್ನು ಎತ್ತಿ ಚಿಕ್ಕಪ್ಪನ ಕೈಗೆ ಕೊಟ್ಟು, ಹೊದಿಕೆಯನ್ನು ಮೇಲಕ್ಕೆತ್ತಿದೆ. ಧ್ವನಿ ಬಿಚ್ಚಿಕೊಂಡಿತು. ಇಳಿಬಿಟ್ಟೆ, ಮುಚ್ಚಿಕೊಂಡಿತು. ಎತ್ತಿದೆ, ಇಳಿಸಿದೆ. ನನ್ನ ತಾಯಿ ಕಣ್ಣಿನಲ್ಲೇ ಗದರಿಸುತ್ತಿದ್ದರು. ಆಗ ಸರೋಜ ಮೊದಲ ಸಲ ಮಾತಾಡಿದಳು.

“ಅದನ್ನ ತೆಗೀಬೇಡಿ. ಧೂಳು ಕೂರತ್ತೆ.”

“ಯಾವಾಗ್ಲೂ ಹಾಕೇ ಇರ್ತೀರಾ? ಹಾಡುವಾಗ್ಲೂ?” ಎಂದು ಕೇಳಿದೆ.

“ಮತ್ತೆ? ಎಲ್ಲರ ಮನೇಲೂ ಹಾಕೇ ಇರ್ತಾರೆ,” ಎಂದಳು.

ಎಲ್ಲರ ಮನೆಯಲ್ಲೂ. ಹೌದು, ನಮ್ಮ ಮನೆಯಲ್ಲೂ ಇತ್ತು. ತಾಯಿಯ ಹಳೆಯ ರೇಷ್ಮೆ ಸೀರೆಯ ಸೆರಗಿನಿಂದ ಮಾಡಿದ್ದು. ರೇಡಿಯೊ ಎಂಬುದು ಮನೆಗೆ ಬಂದ ಗೌರವಸ್ಥರಂತೆ, ಬರಿಮೈಯಲ್ಲಿ ಕೂರಿಸುವ ಪದ್ಧತಿ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಬರಿಮೈಯಲ್ಲಿ ಅದು ಹಾಡುತ್ತಿದ್ದದ್ದು ಎರಡೇ ಕಡೆ, ಅಂಗಡಿಯಲ್ಲಿ ಮತ್ತು ನಮ್ಮ ಕಾರ್ಖಾನೆಯಲ್ಲಿ. ಹಾಲಿನಲ್ಲಿ ಕುಳಿತ ಯಜಮಾನರ ಕಿವಿಯೂ ತಾರಸಿಯಲ್ಲಿ ನಿಂತ ಶ್ರೀಕಂಠಯ್ಯನವರ ಮೀಟರೂ ಎರಡೂ ಸರಿಯಾಗಿಯೇ ಹೇಳಿದ್ದವು, ಆದರೆ ಯಾರ ಮನೆಯಲ್ಲೂ ಇಲ್ಲದ ರೇಡಿಯೊ ಬಗ್ಗೆ ಹೇಳಿದ್ದವು. ನಾವು ತಪ್ಪೆಂದು ಎಸೆದ ಜಮಖಾನದ ಪರೀಕ್ಷೆಯೊಂದೇ ಮನೆಯ ಪರೀಕ್ಷೆಯಾಗಿತ್ತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆ ಸಂತೋಷದಲ್ಲಿ, ಹಿಂದೆಮುಂದೆ ಯೋಚಿಸದೆ, ನಾರಾಯಣರಾಯರ ಕಡೆ ತಿರುಗಿ, “ಸಾರ್, ಈ ಹೊದಿಕೆ ನನಗೆ ಬೇಕು. ಎರಡು ದಿನಕ್ಕೆ ಕೊಡಿ,” ಎಂದುಬಿಟ್ಟೆ.

ಮೊದಲು ನಕ್ಕವರು ಸರೋಜಳ ತಾಯಿ. ಅವರು ಹೊದಿಕೆಯನ್ನು ಮಡಿಸಿ, ಅದರ ಮೇಲೆ ಎರಡು ಬಾಳೆಹಣ್ಣು, ಎಲೆ ಅಡಿಕೆ ಇಟ್ಟು, ಮಗಳ ಕೈಯಿಂದಲೇ ನನಗೆ ಕೊಡಿಸಿದರು. ನಾನು ಕೈಯೊಡ್ಡಿ ತೆಗೆದುಕೊಂಡೆ. ಚಿಕ್ಕಪ್ಪ ಇನ್ನೂ ಕೃಷ್ಣನನ್ನು ಹಿಡಿದುಕೊಂಡೇ, ಹುಡುಗ ಒಪ್ಪಿದ ಹಾಗಾಯಿತಲ್ಲ ಎಂದರು. ಸಂಜೆಯೊಳಗೆ ನಮ್ಮ ಬೀದಿಗೆಲ್ಲ ನನ್ನ ಮದುವೆ ಗೊತ್ತಾಯಿತೆಂದು ಸುದ್ದಿ ಹಬ್ಬಿತ್ತು. ನಾರಾಯಣರಾಯರು ಮಾತ್ರ ನಮ್ಮನ್ನು ಕಳಿಸಿಕೊಡುವಾಗ ಗೇಟಿನ ಹತ್ತಿರ ನನ್ನನ್ನು ಪಕ್ಕಕ್ಕೆ ಕರೆದು, ಪರ್ಮನೆಂಟ್ ಆರ್ಡರ್ ಕೈಗೆ ಬಂದ ಮೇಲೆ ಲಗ್ನಪತ್ರಿಕೆ ಎಂದರು. ನಾನು ಗಿಣಿಗಳನ್ನು ಕಂಕುಳಲ್ಲಿ ಅವುಚಿಕೊಂಡು ತಲೆಯಾಡಿಸಿದೆ.

ಸೋಮವಾರ ಬೆಳಿಗ್ಗೆ ಯಜಮಾನರು ಪೂಜೆ ಮುಗಿಸಿ ಬರುವ ಹೊತ್ತಿಗೆ ಎರಡು ಸೆಟ್ಟುಗಳನ್ನೂ ಹಾಲಿನಲ್ಲಿ ಇಟ್ಟಿದ್ದೆ. ಶ್ರೀಕಂಠಯ್ಯನವರಿಗೆ ವಿಷಯ ಮೊದಲೇ ಹೇಳಿದ್ದೆ. ಅವರು ಹೊದಿಕೆಯನ್ನು ಆಗಲೇ ತಾರಸಿಗೆ ಒಯ್ದು ಅಳೆದು ತಂದಿದ್ದರು. ಯಜಮಾನರು ಎಂದಿನಂತೆ ಕಣ್ಣು ಮುಚ್ಚಿದರು. ನಾನು ಅವರ ಮೆಚ್ಚಿನ ಸೆಟ್ಟಿಗೆ ಗಿಣಿ ಹೊದಿಸಿ ಹಾಡಿಸಿದೆ. ಅವರ ಹುಬ್ಬು ಗಂಟಿಕ್ಕಿತು. ನೆಗಡಿ ಎಂದರು. ಹೊದಿಕೆ ತೆಗೆದು ಶ್ರೀಕಂಠಯ್ಯನವರ ಸೆಟ್ಟಿಗೆ ಹಾಕಿ ಹಾಡಿಸಿದೆ. ಬಹಳ ಹೊತ್ತು ಕೇಳಿದರು, ಬೆರಳಿನಿಂದ ತೊಡೆಯ ಮೇಲೆ ತಾಳ ಹಾಕಿದರು, ಇದು ಹಾಡು ಎಂದರು. ಆಮೇಲೆ ಕಣ್ಣು ತೆರೆದು ನೋಡಿದರೆ ಎದುರಿಗೆ ಎರಡು ಗಿಣಿ.

ಬಯ್ಯುತ್ತಾರೆಂದು ನಾನು ಕಾದೆ. ಅವರ ಕೈ ಮಾತ್ರ ತಾನಾಗಿಯೇ ಮುಂದೆ ಬಂದು ಹೊದಿಕೆಯ ಅಂಚನ್ನು ಹಿಡಿದು ಉಜ್ಜಿತು.

“ಕಸೂತಿ ಹಾಕೋ ಮ್ಯಾಟಿ ಬಟ್ಟೆ. ಒಳಗೆ ಲಾಂಗ್‌ಕ್ಲಾತ್ ಅಸ್ತರ್ ಬೇರೆ ಕೊಟ್ಟಿದ್ದಾರೆ. ನಮ್ಮ ಅಂಗಡೀದೇ ಮಾಲು,” ಎಂದರು.

ಬದುಕಿನ ಅರ್ಧ ಭಾಗ ಮನೆಮನೆಗೆ ಬಟ್ಟೆ ಮಾರಿದವರು, ಆ ಬಟ್ಟೆ ಮನೆಗಳಲ್ಲಿ ಏನು ಮಾಡುತ್ತದೆಂದು ಯೋಚಿಸದೆ ರೇಡಿಯೊ ಮಾರಿದ್ದರು. ಅದು ಅವರಿಗೆ ಆ ಕ್ಷಣ ಹೊಳೆಯಿತೆಂದು ಕಾಣುತ್ತದೆ, ನಗತೊಡಗಿದರು. ಕುರ್ಚಿ ಅಲುಗುವಂತೆ ನಕ್ಕರು. ಗಿರಿಜಮ್ಮನವರನ್ನು ಕೂಗಿ, ಒಳಗಿನ ತಮ್ಮ ರೇಡಿಯೊಗೆ ಏನು ಹೊದಿಸಿದ್ದೀ ಎಂದು ಕೇಳಿದರು. ಅವರು ತಂದದ್ದು ಸುತ್ತಲೂ ಕುಚ್ಚು ಇದ್ದ ಕೆಂಪು ಮಖಮಲ್ಲು. ಅದನ್ನು ಹೊದಿಸಿದರೆ ಶ್ರೀಕಂಠಯ್ಯನವರ ಸೆಟ್ಟಿಗೂ ನೆಗಡಿ ಬಂತು. ಬಟ್ಟೆಗೆ ತಕ್ಕಂತೆ ಮೇಲಿನ ಸ್ವರಗಳನ್ನು ಏರಿಸಿ ಇಳಿಸಿಕೊಳ್ಳಲು ಹೊಸ ಮಾದರಿಗೆ ಟೋನ್ ಗುಂಡಿಯೊಂದನ್ನು ಕೂಡಿಸುವುದೆಂದು ಅಲ್ಲೇ ತೀರ್ಮಾನವಾಯಿತು. ಮೀಟರ್ ಗೆದ್ದಿತೆಂದು ಶ್ರೀಕಂಠಯ್ಯನವರು ತಿಳಿದುಕೊಂಡರು, ಕಣ್ಣು ಮುಚ್ಚಿಕೊಂಡೇ ಸರಿಯಾದುದನ್ನು ಆರಿಸಿದ್ದು ತಮ್ಮ ಕಿವಿ ಎಂದು ಯಜಮಾನರು ತಿಳಿದುಕೊಂಡರು. ಇಬ್ಬರೂ ಅವತ್ತು ಒಟ್ಟಿಗೆ ಕಾಫಿ ಕುಡಿದರು.

“ಇನ್ಮೇಲೆ ಯಾವ ಸೆಟ್ಟೂ ಹೊದಿಕೆ ಹಾಕಿ ಅಳೀದೆ, ಹೊದಿಕೆ ಹಾಕಿ ಕೇಳ್ದೆ ಹೊರಗೆ ಹೋಗಬಾರದು. ಮೀಟರ್ ರೂಮು ಇರಲಿ,” ಎಂದರು ಯಜಮಾನರು. ಆಮೇಲೆ ನನ್ನ ಕಡೆ ತಿರುಗಿ, “ಇದನ್ನ ಎಲ್ಲಿಂದ ತಂದ್ಯಪ್ಪ?” ಎಂದು ಕೇಳಿದರು. ಇದ್ದದ್ದು ಇದ್ದ ಹಾಗೆ ಹೇಳಿದೆ.

“ಹೆಣ್ಣು ನೋಡಕ್ಕೆ ಹೋಗಿ ರೇಡಿಯೊ ನೋಡ್ಕೊಂಡು ಬಂದಿದ್ದೀಯ.”

“ಎರಡೂ ನೋಡ್ದೆ ಸಾರ್. ನಾಳೆ ಇದನ್ನ ವಾಪಸ್ ಕೊಡಬೇಕು.”

“ಅದು ಆಗೋದಿಲ್ಲ,” ಎಂದು ಶ್ರೀಕಂಠಯ್ಯನವರು ನಡುವೆ ಬಾಯಿ ಹಾಕಿದರು. ಅಳತೆ ತೆಗೆದಿರುವುದು ಈ ಬಟ್ಟೆಯಲ್ಲಿ, ಆದ್ದರಿಂದ ಇನ್ನು ಮುಂದೆ ಎಲ್ಲ ಸೆಟ್ಟಿಗೂ ಇದೇ ಬಟ್ಟೆಯಾಗಬೇಕು, ಬೇರೆಯದು ನಡೆಯುವುದಿಲ್ಲ ಎಂದರು. ಯಜಮಾನರು ತಲೆದೂಗಿ, ಹುಡುಗಿಯ ಮನೆಯವರಿಗೆ ಇದರ ಬದಲು ಏನು ಕೊಡೋಣ ಎಂದು ನನ್ನನ್ನು ಕೇಳಿದರು. ಅಂಗಡಿಯಿಂದ ಒಂದು ತಾನು ಬಟ್ಟೆ ಕಳಿಸಲು ಅವರು ಸಿದ್ಧರಿದ್ದರು.

“ಸಾರ್, ಪರ್ಮನೆಂಟ್ ಆರ್ಡರ್ ಕೊಟ್ಬಿಡಿ. ಅವರು ಕೇಳ್ತಿರೋದು ಅದೊಂದೇ,” ಎಂದೆ. ಜೀವಮಾನದಲ್ಲಿ ನಾನು ಮಾಡಿದ ವ್ಯಾಪಾರ ಅದೊಂದೇ, ಅದೂ ಹುಟ್ಟು ವ್ಯಾಪಾರಿಯ ಹತ್ತಿರ. ಅವರು ಇನ್ನೊಮ್ಮೆ ಬಟ್ಟೆಯ ಅಂಚನ್ನು ಉಜ್ಜಿ ನೋಡಿ ಒಪ್ಪಿಕೊಂಡರು.

ಹೀಗೆ ನನಗೆ ಕೆಲಸವೂ ಸರೋಜಳೂ ಸಿಕ್ಕಿದರು, ಸರೋಜಳಿಗೆ ಗಿಣಿ ಮಾತ್ರ ಸಿಗಲಿಲ್ಲ. ಕಾರ್ಖಾನೆಯಲ್ಲಿ ಅದೊಂದು ಪದ್ಧತಿಯೇ ಆಯಿತು. ಸೆಟ್ಟು ತಯಾರಾಗಿ ಬಂದರೆ ಮೇಸ್ತ್ರಿ ಮೊದಲು ಕೇಳುತ್ತಿದ್ದದ್ದು, ಗಿಣಿ ಆಯಿತಾ ಎಂದು. ಪ್ರತಿ ಮಾದರಿಗೂ ಗಿಣಿ ಹಾಕಿ ಒಂದು ಅಳತೆ, ಗಿಣಿ ತೆಗೆದು ಒಂದು ಅಳತೆ. ಹೊಸದಾಗಿ ಸೇರಿದ ಎಂಜಿನಿಯರುಗಳು ಗಿಣಿ ಎಂಬುದು ಯಾವುದೋ ವಿಲಾಯತಿ ವಿಜ್ಞಾನಿಯ ಹೆಸರೆಂದು ತಿಳಿದು ತಿಂಗಳುಗಟ್ಟಲೆ ಗೌರವದಿಂದ ನಡೆದುಕೊಳ್ಳುತ್ತಿದ್ದರು. ಮದುವೆಯಾದ ವರ್ಷ ಆಯುಧಪೂಜೆಗೆ ಸರೋಜಳನ್ನು ಕರೆದುಕೊಂಡು ಹೋದೆ. ಮಸಿ, ಬೆಸುಗೆಯ ಕಲೆ ಮೆತ್ತಿದ್ದ ತನ್ನ ಕಸೂತಿಯನ್ನು ಕಂಡು ಅವಳು ಕಿತ್ತುಕೊಂಡು ಒಗೆಯಲು ಹೊರಟಳು. ಶ್ರೀಕಂಠಯ್ಯನವರು ಬಾಗಿಲಿಗೆ ಅಡ್ಡ ನಿಂತರು.

“ಅಮ್ಮಾ, ಒಗೀಬೇಡಿ. ಅದು ಬಟ್ಟೆ ಅಲ್ಲ, ಇನ್‌ಸ್ಟ್ರುಮೆಂಟು,” ಎಂದು ಕೈಮುಗಿದರು. ಅವಳು ಬಿಟ್ಟುಬಂದಳು, ಆದರೆ ದಾರಿಯುದ್ದಕ್ಕೂ ನನ್ನೊಡನೆ ಮಾತಾಡಲಿಲ್ಲ.

ಆಮೇಲೆ ಟ್ರಾನ್ಸಿಸ್ಟರ್ ಬಂತು. ಜನ ರೇಡಿಯೊವನ್ನು ಹೊಲಕ್ಕೆ, ಕೆರೆ ಏರಿಗೆ, ಸಲೂನಿಗೆ ಹೊತ್ತುಕೊಂಡು ಹೋಗತೊಡಗಿದರು. ಹೊದಿಕೆಯ ಕಾಲ ಮುಗಿಯಿತು. ಆದರೂ ಗಿಣಿ ಕಪಾಟಿನಲ್ಲಿ ಇದ್ದೇ ಇತ್ತು. ಯಜಮಾನರೂ ಶ್ರೀಕಂಠಯ್ಯನವರೂ ತೀರಿಹೋದ ಮೇಲೆ ಅದನ್ನು ತೆಗೆಯಲು ನನಗೇ ಮನಸ್ಸು ಬರಲಿಲ್ಲ. ಅವರಿಬ್ಬರ ಜಗಳವಿಲ್ಲದೆ ಆ ಹಾಲ್ ನನಗೆ ಬಿಕೋ ಎನ್ನುತ್ತಿತ್ತು. ನಾನು ನಿವೃತ್ತನಾದ ದಿನ ಹುಡುಗರು ಹಾರ ಹಾಕಿ, ಶಾಲು ಹೊದಿಸಿ, ಜೊತೆಗೊಂದು ಪೊಟ್ಟಣ ಕೊಟ್ಟರು. ಮನೆಗೆ ಬಂದು ಬಿಚ್ಚಿ ನೋಡಿದರೆ ಗಿಣಿ. ಯಾರೋ ಒಗೆಸಿ, ಗಂಜಿ ಹಾಕಿಸಿ, ಇಸ್ತ್ರಿ ಮಾಡಿಸಿದ್ದರು. ಶ್ರೀಕಂಠಯ್ಯನವರು ಇದ್ದಿದ್ದರೆ ಅಷ್ಟು ವರ್ಷದ ಅಳತೆ ನೀರುಪಾಲಾಯಿತೆಂದು ಅತ್ತುಬಿಡುತ್ತಿದ್ದರು.

ಸರೋಜ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. ಹೊದಿಕೆಯನ್ನು ಬಿಡಿಸಿ, ಬಣ್ಣ ಮಾಸಿದ ಗಿಣಿಗಳ ಮೇಲೆ ಕೈಯಾಡಿಸಿ, ನನ್ನ ಮುಖ ನೋಡಿದಳು.

“ಎರಡು ದಿನಕ್ಕೆ ಅಂತ ಕೇಳಿದ್ರಿ,” ಎಂದಳು.

ಅವಳು ಅದನ್ನು ಒಯ್ದು ನಮ್ಮ ರೇಡಿಯೊ ಮೇಲೆ ಹೊದಿಸಿದಳು, ಮುಂದಕ್ಕೆ ಇಳಿಬಿಟ್ಟು ಅಂಚನ್ನು ನೇರ ಮಾಡಿದಳು. ಸಂಜೆ ಹಾಡು ಬರುತ್ತಿತ್ತು, ಅದು ಮಂದವಾಯಿತು. ನಾನು ಎದ್ದು ಹೋಗಿ, ಗಿಣಿಗೆ ತಾಗದ ಹಾಗೆ ಕೆಳಗಿನಿಂದ ಕೈ ತೂರಿಸಿ, ಟೋನ್ ಗುಂಡಿಯನ್ನು ಸ್ವಲ್ಪ ಬಲಕ್ಕೆ ತಿರುಗಿಸಿ ಬಂದು ಕುಳಿತೆ.